ಚಳಿ ದೇಶದ ಕ್ಯಾಮೆರಾ, ಮುಂಬೈಯ ಗೋಡೆ

ಮೇ ತಿಂಗಳಲ್ಲಿ ಮುಂಬೈ ಪಕ್ಕದ ಡೊಂಬಿವಲಿಯ ಕೊನೆ ಮಹಡಿಯಲ್ಲಿ ಮಲಗಿದವರಿಗೆ ಗೊತ್ತು, ರಾತ್ರಿ ಹನ್ನೊಂದಾದರೂ ಮೇಲಿಂದ ಝಳ ಇಳಿಯುತ್ತಲೇ ಇರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬ್ ಅದು. ಶಾಖವನ್ನು ಚಿತ್ರವಾಗಿ ತೋರಿಸುವ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದರೆ ಆ ಝಳ ಕಣ್ಣಿಗೇ ಕಾಣುತ್ತದೆ.

ಇನ್‌ಫ್ರಾರೆಡ್ ಎಂಬ ಈ ಕಣ್ಣಿಗೆ ಕಾಣದ ಬೆಳಕು ಮೊದಲು ಸಿಕ್ಕಿದ್ದು 1800ರಲ್ಲಿ, ಇಂಗ್ಲೆಂಡಿನಲ್ಲಿ. ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪ್ರಿಸಮ್‌ನಲ್ಲಿ ಹಾಯಿಸಿ, ಬಣ್ಣಗಳಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದರು. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು.

ಮಾರಾಟದ ಕ್ಯಾಮೆರಾ ಬಂದಿದ್ದು 1965ರಲ್ಲಿ, ಸ್ವೀಡನ್ನಿನಿಂದ. ಅದು ವಿದ್ಯುತ್ ತಂತಿಗಳ ತಪಾಸಣೆಗೆ. ಅದರ ಸೆನ್ಸರ್ ತಂಪು ಮಾಡಲು ದ್ರವ ನೈಟ್ರೋಜನ್ ಬೇಕಿತ್ತು. 1973ರಲ್ಲಿ ತೈಲದ ಬೆಲೆ ಏರಿದಾಗ ಚಳಿ ದೇಶಗಳಿಗೆ ಮನೆ ಬೆಚ್ಚಗಿಡುವುದೇ ದುಬಾರಿಯಾಯಿತು. ಶಾಖ ಎಲ್ಲಿ ಸೋರುತ್ತಿದೆ ಎಂದು ಗೋಡೆ, ಕಿಟಕಿಗಳಿಗೆ ಈ ಕ್ಯಾಮೆರಾ ಹಿಡಿದು ಹುಡುಕತೊಡಗಿದರು. ತಂಪು ಮಾಡಬೇಕಿಲ್ಲದ ಸೆನ್ಸರ್‌ಗಳು 1990ರ ದಶಕದಲ್ಲಿ ಸೇನೆಯಿಂದ ಹೊರಗೆ ಬಂದ ಮೇಲೆ ಕ್ಯಾಮೆರಾ ಕೈಯಲ್ಲಿ ಹಿಡಿಯುವಷ್ಟಾಯಿತು.

ನಮ್ಮಲ್ಲಿ ಶಾಖ ಹೊರಗಿನಿಂದ ಒಳಗೆ ಬರುತ್ತದೆ, ಅಲ್ವಾ? ನಮ್ಮ ಸರ್ಕಾರದ ನಿಯಮಗಳೂ ಇದನ್ನೇ ನೋಡುತ್ತವೆ. ದೊಡ್ಡ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಇಂಧನ ಉಳಿತಾಯದ ಸಂಹಿತೆ ಬಂತು. ಹೊಸದಾಗಿ ಕಟ್ಟುವ ಮನೆಗಳಿಗೆ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ, ಗೋಡೆ ಮತ್ತು ಚಾವಣಿಯಿಂದ ಎಷ್ಟು ಶಾಖ ಒಳಗೆ ಬರಬಹುದು ಎಂದು ಮಿತಿ ಹಾಕಿದೆ. ಹಳೆ ಬಿಲ್ಡಿಂಗ್‌ಗಳಿಗೆ ಇದರಿಂದ ಏನೂ ಸಿಗಲಿಲ್ಲ. ಬೇಸರದ ವಿಷಯ ಅದೇ.

ಮುಂಬೈಯಲ್ಲಿ ಈ ಕ್ಯಾಮೆರಾದ ಉಪಯೋಗ ಜಾಸ್ತಿ ಕಾಣುವುದು ಲೀಕೇಜ್‌ನಲ್ಲಿ. ನಮ್ಮ ಬೆಡ್‌ರೂಮಿನ ಗೋಡೆ ಒದ್ದೆಯಾದಾಗ ಕಾಂಟ್ರಾಕ್ಟರ್ ಮೇಲಿನ ಮನೆಯ ಬಾತ್‌ರೂಮನ್ನೇ ದೂರಿದ. ಟೈಲ್ಸ್ ಒಡೆಸಿದೆವು. ಮುಂದಿನ ಮಳೆಗೆ ಅದೇ ಜಾಗದಲ್ಲಿ ಅದೇ ಕಲೆ. ನೀರು ಬರುತ್ತಿದ್ದದ್ದು ಹೊರಗೋಡೆಯ ಬಿರುಕಿನಿಂದ. ಅಷ್ಟರಲ್ಲಿ ಮೇಲಿನ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ನಮ್ಮ ಜೊತೆ ಮಾತು ಬಿಟ್ಟಿದ್ದರು. ಮೊದಲೇ ಕ್ಯಾಮೆರಾ ಹಿಡಿಸಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಒದ್ದೆ ಗೋಡೆಯಿಂದ ನೀರು ಆರುವಾಗ ಆ ಭಾಗ ತಣ್ಣಗಾಗುತ್ತದೆ, ಪರದೆಯಲ್ಲಿ ಕಪ್ಪು-ನೀಲಿ ಕಲೆಯಾಗಿ ಕಾಣುತ್ತದೆ. ಆದರೆ ಕ್ಯಾಮೆರಾ ಗೋಡೆಯ ಒಳಗೆ ನೋಡುವುದಿಲ್ಲ. ಮೇಲ್ಮೈಯ ತಾಪಮಾನವನ್ನಷ್ಟೇ ಅಳೆಯುತ್ತದೆ. ಹೊಳೆಯುವ ಸ್ಟೀಲು, ಕಿಟಕಿಯ ಗಾಜು ಸುತ್ತಲಿನ ಶಾಖವನ್ನೇ ಪ್ರತಿಫಲಿಸಿ ದಾರಿ ತಪ್ಪಿಸುತ್ತವೆ. ಹಾಗಾಗಿ ಸುಮ್ನೆ ಬಣ್ಣದ ಫೋಟೋ ತೋರಿಸಿ ಗೋಡೆ ಒಡೆಯಿರಿ ಅನ್ನುವವರನ್ನು ನಂಬಬೇಡಿ. ತೇವ ಅಳೆಯುವ ಮೀಟರ್ ಇಟ್ಟು ಖಚಿತ ಮಾಡಿಸಿಕೊಳ್ಳಿ.

ಟೆರೇಸ್ ನೋಡಿಸುವುದಾದರೆ ಹೊತ್ತು ಮುಳುಗಿದ ಮೇಲೆ ಕರೆಸಿ. ಒಣ ಭಾಗ ಬೇಗ ತಣಿಯುತ್ತದೆ. ನೀರು ಕುಡಿದ ಭಾಗ ತಡವಾಗಿ ತಣಿಯುತ್ತದೆ, ಆಗ ಅದು ಬೆಚ್ಚಗೆ ಬೇರೆಯಾಗಿ ಕಾಣುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಅಕ್ಟೋಬರ್ ದಿನಗಳು ಇದಕ್ಕೆ ಒಳ್ಳೆಯವು. ಸ್ಲ್ಯಾಬಿನೊಳಗೆ ಮಳೆಗಾಲದ ನೀರು ಆಗಿನ್ನೂ ಉಳಿದಿರುತ್ತದೆ.