ಎರಡು ಕಿಲೋ ಡಂಬೆಲ್‌ನಿಂದ ಡ್ರೈವ್ ದೂರ ಹೋಗುವುದಿಲ್ಲ

ಡ್ರೈವ್, ಅಂದರೆ ಗಾಲ್ಫ್‌ನ ಮೊದಲ ಉದ್ದ ಹೊಡೆತ, ಇನ್ನಷ್ಟು ದೂರ ಹೋಗಲೆಂದು ಜಿಮ್‌ಗೆ ಬಂದವರು ಬಂದೊಡನೆ ಹೇಳುವ ಮಾತು ಒಂದೇ: "ಸಾರ್, ಜಾಸ್ತಿ ವೇಟ್ ಬೇಡ. ಮೈ ಕಟ್ಟಿದ್ರೆ ಸ್ವಿಂಗ್ ಕೆಡುತ್ತೆ." ಆಮೇಲೆ ಎರಡು ಕಿಲೋ ಡಂಬೆಲ್ ಹಿಡಿದು, ಕ್ಲಬ್ (ಗಾಲ್ಫ್ ಕೋಲು) ಬೀಸುವ ಹಾಗೆಯೇ ಬೀಸುತ್ತಾ ಮೂವತ್ತರವರೆಗೆ ಎಣಿಸುತ್ತಾರೆ. ಇಷ್ಟೊಂದು ಶ್ರದ್ಧೆ ಪೋಲಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಡೌನ್‌ಸ್ವಿಂಗ್, ಅಂದರೆ ಮೇಲೆತ್ತಿದ ಕ್ಲಬ್ ಕೆಳಗೆ ಬೀಸುವುದು, ಶುರುವಾಗಿ ಚೆಂಡಿಗೆ ಪೆಟ್ಟು ಬೀಳುವವರೆಗೆ ಸಿಗುವುದು ಸುಮಾರು ಕಾಲು ಸೆಕೆಂಡು. ಸ್ನಾಯು ತನ್ನ ಪೂರ್ತಿ ಬಲಕ್ಕೆ ಏರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಇರುವ ಬಲ ಹೆಚ್ಚಬೇಕು, ಹೆಚ್ಚಿದ ಬಲ ಥಟ್ಟನೆ ಹೊರಬರಲೂ ಬೇಕು. ಮೂವತ್ತು ಸಲ ಎತ್ತಬಹುದಾದ ಭಾರ ಸುಸ್ತು ತಡೆಯುವುದನ್ನು ಕಲಿಸುತ್ತದೆ, ಅಷ್ಟೇ. ಅದನ್ನು ಸ್ವಿಂಗ್‌ನಂತೆ ಬೀಸಿದರೆ ನಿಧಾನವಾಗಿ ಬೀಸುವ ಅಭ್ಯಾಸವೂ ಅಂಟಿಕೊಳ್ಳುತ್ತದೆ.

ಬಲ ಬರುವುದು ಕಾಲು, ಸೊಂಟ, ಬೆನ್ನಿನಿಂದ. ವಾರಕ್ಕೆ ಎರಡು ದಿನ ಸ್ಕ್ವಾಟ್ (ಭಾರದ ಬಾರ್ ಹೊತ್ತು ಕೂತು ಏಳುವುದು) ಅಥವಾ ಡೆಡ್‌ಲಿಫ್ಟ್ (ಬಾರನ್ನು ನೆಲದಿಂದ ಎತ್ತುವುದು), ಒಂದು ರೋ (ಭಾರವನ್ನು ಮೈ ಕಡೆಗೆ ಎಳೆಯುವುದು), ಒಂದು ಪ್ರೆಸ್ (ಭಾರವನ್ನು ಮೈಯಿಂದ ಆಚೆ ತಳ್ಳುವುದು) ಸಾಕು. ತಲಾ ಮೂರು ಸೆಟ್ ಅಂದರೆ ಸುತ್ತು, ಪ್ರತಿ ಸೆಟ್‌ನಲ್ಲಿ ಐದೈದು ರೆಪ್ಸ್ ಅಂದರೆ ಐದು ಸಲ. ಇನ್ನೂ ಎರಡು ರೆಪ್ಸ್ ಆಗುತ್ತಿತ್ತು ಅನ್ನಿಸುವಾಗ ಬಾರ್ ಕೆಳಗಿಡಿ. ಸೆಟ್‌ಗಳ ನಡುವೆ ಎರಡು–ಮೂರು ನಿಮಿಷ ಸುಮ್ಮನೆ ಕೂರಿ. ಹೊಸಬರಾದರೆ ಮೊದಲ ಆರೇಳು ವಾರ ಹಗುರ ಭಾರದಲ್ಲಿ ವರಸೆ ಕಲಿಯಲಿ. ಬೆನ್ನಿನ ಡಿಸ್ಕ್ ತೊಂದರೆ, ಬಿಪಿ ಇರುವವರು ವೈದ್ಯರನ್ನು ಕೇಳದೆ ಬಾರ್ ಮುಟ್ಟುವುದು ಬೇಡ.

ವೇಗಕ್ಕೆ ಮೆಡಿಸಿನ್ ಬಾಲ್, ಅಂದರೆ ಎಸೆಯಲೆಂದೇ ಮಾಡಿದ ಭಾರದ ಚೆಂಡು. ಬಲಗೈ ಆಟಗಾರರು ಎಡಭುಜ ಗೋಡೆಯ ಕಡೆಗಿರುವಂತೆ, ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಬೇಕು. ಚೆಂಡನ್ನು ಬಲಸೊಂಟದ ಹತ್ತಿರ ತಂದು, ಬಲಗಾಲಿನಿಂದ ನೆಲ ಒತ್ತಿ, ಮೈಭಾರ ಎಡಗಾಲಿಗೆ ಬಂದ ಕೂಡಲೇ ಆ ಮೊಣಕಾಲನ್ನು ನೇರ ಮಾಡುತ್ತಾ ಗೋಡೆಗೆ ಅಪ್ಪಳಿಸಬೇಕು. ಎಡಗಾಲು ಹೀಗೆ ನೆಲವನ್ನು ಒದ್ದಾಗಲೇ ಸೊಂಟ ತಿರುಗುವುದು. ತೋಳು ಅದನ್ನು ಹಿಂಬಾಲಿಸುತ್ತದೆ. ಎಸೆತಗಳು ಐದೇ, ಆಮೇಲೆ ಒಂದೂವರೆ ನಿಮಿಷ ವಿರಾಮ, ಹೀಗೆ ಮೂರು ಸುತ್ತು. ಇನ್ನೊಂದು ಬದಿಗೂ ಮಾಡಿ. ಎರಡರಿಂದ ನಾಲ್ಕು ಕಿಲೋ ಚೆಂಡು ಸಾಕು. ಆರು ಕಿಲೋ ಹಿಡಿದವರು ಎಸೆಯುವುದಿಲ್ಲ, ತಳ್ಳುತ್ತಾರೆ. ಗೋಡೆಯ "ಧಡ್" ಸದ್ದು ಮೆತ್ತಗಾದರೆ ಆ ದಿನದ ಎಸೆತ ಮುಗಿಯಿತು. ಇದನ್ನು ಭಾರ ಎತ್ತುವುದಕ್ಕೆ ಮೊದಲು, ಮೈ ತಾಜಾ ಇರುವಾಗಲೇ ಮಾಡಬೇಕು.

ಮೈ ಕಟ್ಟುವ ಭಯ ಬಿಡಿ. ಅಮೆರಿಕದ ಗಾಲ್ಫ್ ಆಟಗಾರ ಬ್ರೈಸನ್ ಡಿಶಾಂಬೊ 2020ರಲ್ಲಿ ವಿಂಗ್ಡ್ ಫುಟ್ ಮೈದಾನದಲ್ಲಿ ಯುಎಸ್ ಓಪನ್ ಗೆದ್ದಾಗ ಇದ್ದ ಆ ದೊಡ್ಡ ಗಾತ್ರಕ್ಕೆ ಬೇಕೆಂದೇ ವಿಪರೀತ ತಿಂದಿದ್ದರು. ವಾರಕ್ಕೆರಡು ದಿನದ ಐದು ರೆಪ್ಸ್‌ನಿಂದ ಅದು ಬರುವುದಿಲ್ಲ. ಪೂರ್ತಿ ಕೂತು ಎದ್ದು ಮಾಡಿದ ಸ್ಕ್ವಾಟ್ ಸೊಂಟವನ್ನು ಬಿಗಿಗೊಳಿಸುವುದೂ ಇಲ್ಲ. ಹಾಗೆಂದು ದೂರವೇ ಎಲ್ಲವೂ ಅಲ್ಲ: ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಡ್ರೈವ್ ದೂರದಲ್ಲಿ ಹಿಂದಿದ್ದೂ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಪಟಿಂಗ್ (ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವ ಹೊಡೆತ) ಅಭ್ಯಾಸ ಬಿಟ್ಟು ಜಿಮ್‌ಗೆ ಬನ್ನಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಕ್ಲಬ್‌ಹೆಡ್‌ನ, ಅಂದರೆ ಕ್ಲಬ್‌ನ ತುದಿಯ ತಲೆಯ, ವೇಗ ಗಂಟೆಗೆ ಒಂದು ಮೈಲಿ ಏರಿದರೆ, ಪೆಟ್ಟು ಕ್ಲಬ್ ಮುಖದ ನಡುವೆ ಬಿದ್ದಾಗ ಡ್ರೈವ್ ಸುಮಾರು ಎರಡೂವರೆ ಗಜ ಹೆಚ್ಚುತ್ತದೆ. ತಿಂಗಳಿಗೊಮ್ಮೆ ಆ ವೇಗವನ್ನು ರಾಡಾರ್‌ನಲ್ಲಿ ಅಳೆದು ಬರೆದಿಡಿ. ಟೂರ್ನಮೆಂಟ್ ಬಂತೆಂದು ಭಾರ ಎತ್ತುವುದನ್ನು ಪೂರ್ತಿ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಎರಡೇ ಸೆಟ್ ಮಾಡಿ, ಆದರೆ ಬಾರ್‌ನ ಭಾರ ಇಳಿಸಬೇಡಿ. ಆಟಕ್ಕೂ ಅದಕ್ಕೂ ನಡುವೆ ಎರಡು ದಿನ ಬಿಡಿ.