ಕಾರಿನ ಕಿಟಕಿಗೆ ಗುರಿಯಿಟ್ಟ ಪಾಲಿ ಫಾರ್ಮರ್

ಆಸ್ಟ್ರೇಲಿಯಾದ ಪರ್ತ್ ನಗರದ ಒಂದು ಕಾರ್ ಯಾರ್ಡ್, ಅಂದರೆ ಕಾರು ಮಾರುವ ಅಂಗಳ. ಅಲ್ಲಿ ಕೆಲಸಕ್ಕಿದ್ದ ಎತ್ತರದ ಆಳಿಗೆ ಬಿಡುವು ಸಿಕ್ಕರೆ ಒಂದೇ ಚಟ. ಒಂದು ಅಂಗೈ ಮೇಲೆ ಮೊಟ್ಟೆಯಾಕಾರದ ಚೆಂಡು, ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದು. ಚೆಂಡು ಹೋಗಿ ಕಾರಿನ ತೆರೆದ ಕಿಟಕಿಯೊಳಗೆ ಬೀಳಬೇಕು. ತಪ್ಪಿದರೆ ಮತ್ತೆ. ಬಿದ್ದರೂ ಮತ್ತೆ.

ಹೆಸರು ಗ್ರಹಾಮ್ ಫಾರ್ಮರ್. ಹುಟ್ಟಿದ್ದು 1935ರಲ್ಲಿ, ನೂಂಗಾರ್ ಮೂಲನಿವಾಸಿ. ಬೆಳೆದದ್ದು ಪರ್ತ್‌ನ ಸಿಸ್ಟರ್ ಕೇಟ್ ಮಕ್ಕಳ ಆಶ್ರಮದಲ್ಲಿ. ಗಿಳಿ ಹಾಗೆ ಒಂದೇ ಸಮ ಮಾತಾಡುತ್ತಾನೆ ಅಂತ ಅಲ್ಲಿಯವರು ಇಟ್ಟ 'ಪಾಲಿ' ಎಂಬ ಅಡ್ಡಹೆಸರೇ ಕೊನೆಗೆ ನಿಂತಿತು. ಚಿಕ್ಕಂದಿನ ಪೋಲಿಯೋದಿಂದ ಒಂದು ಕಾಲು ತುಸು ಗಿಡ್ಡವಾಗಿತ್ತು. ಆ ಕಾಲಿನಲ್ಲೇ ಅವರು ಆಸ್ಟ್ರೇಲಿಯನ್ ಫುಟ್‌ಬಾಲ್ ಎಂಬ ಅಲ್ಲಿನ ಆಟದಲ್ಲಿ ಇಡೀ ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾರುವ ಆಟಗಾರರಲ್ಲಿ ಒಬ್ಬರಾದರು.

ನಮಗೆ ಮೆಲ್ಬರ್ನ್ ಕ್ರಿಕೆಟ್ ಮೈದಾನ ಅಂದರೆ ಬಾಕ್ಸಿಂಗ್ ಡೇ ಟೆಸ್ಟ್. ಅಲ್ಲಿಯವರಿಗೆ ಅದು ಈ ಫುಟ್‌ಬಾಲ್‌ನ ಮೈದಾನವೂ ಹೌದು. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ನೆ ಕೂತು ಮೈ ಬೆಳೆಸಬಾರದು, ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿ ಎಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಬರೆದರು. ಮುಂದಿನ ವರ್ಷವೇ ನಿಯಮಗಳು ಬರಹಕ್ಕಿಳಿದವು. ಇವತ್ತು ಅಂಡಾಕಾರದ ಮೈದಾನ, ತಂಡಕ್ಕೆ 18 ಜನ. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಬಹುದು, ಎಸೆಯುವ ಹಾಗಿಲ್ಲ. ಆ ಗುದ್ದಿಗೆ 'ಹ್ಯಾಂಡ್‌ಬಾಲ್' ಅಂತಾರೆ.

ಫಾರ್ಮರ್‌ಗಿಂತ ಮುಂಚೆ ಅದು ಬಹುತೇಕ ಸಿಕ್ಕಿಬಿದ್ದಾಗ ಪಾರಾಗುವ ದಾರಿ ಅಷ್ಟೇ. ಅವರು ಅದನ್ನು ದಾಳಿಯ ಆಯುಧ ಮಾಡಿದರು. ಕೇಳಲು ಸುಲಭ, ಮಾಡಿ ನೋಡಿದರೆ ಗೊತ್ತಾಗುತ್ತೆ ಕಷ್ಟ. ಗುದ್ದು ಚೆಂಡಿನ ನಡುಮಧ್ಯಕ್ಕೆ ಸರಿಯಾಗಿ ಬಿದ್ದರೆ ಅದು ನೇರ ಹೋಗುತ್ತದೆ. ಸ್ವಲ್ಪ ಆಚೀಚೆ ಆದರೂ ಗುದ್ದಿನ ಒಂದು ಪಾಲು ಚೆಂಡನ್ನು ತಿರುಗಿಸಲು ಖರ್ಚಾಗುತ್ತದೆ. ಅದು ದುಂಡಗಿನ ಚೆಂಡಲ್ಲವಲ್ಲ, ಉದ್ದ ಒಂದು ಕಡೆ, ಅಗಲ ಒಂದು ಕಡೆ. ಹಾಗಾಗಿ ತೊನೆದಾಡುತ್ತಾ ಎಲ್ಲೋ ಹೋಗಿ ಬೀಳುತ್ತದೆ.

ಇದಕ್ಕೆ ಕಾರಿನ ಕಿಟಕಿಯಂಥ ಮೇಷ್ಟ್ರು ಇನ್ನೊಬ್ಬರಿಲ್ಲ. ಒಳಗೆ ಹೋಯಿತು, ಇಲ್ಲವೇ ಬಾಗಿಲಿಗೆ ಬಡಿಯಿತು. ಉತ್ತರ ತಕ್ಷಣ. ತಲೆಯ ಹಿಂಭಾಗದಲ್ಲಿರುವ ಸೆರೆಬೆಲ್ಲಮ್ ಎಂಬ ಕಿರುಮೆದುಳಿಗೆ ಬೇಕಾಗಿರುವುದು ಇದೇ. ಕೈ ಹೋಗಬೇಕಿದ್ದ ದಾರಿ ಯಾವುದು, ನಿಜವಾಗಿ ಹೋದದ್ದು ಯಾವುದು ಅಂತ ಅದು ತಾಳೆ ನೋಡುತ್ತದೆ, ಮುಂದಿನ ಸಲಕ್ಕೆ ಚೂರು ತಿದ್ದುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಕೈಗೆ ಯೋಚನೆ ಬೇಡ. ಫಾರ್ಮರ್ ಗಾಳಿಯಲ್ಲಿ ಹಾರಿ ಚೆಂಡು ಹಿಡಿದು, ನೆಲಕ್ಕೆ ಇಳಿಯುವ ಮೊದಲೇ ಅದನ್ನು ಜೊತೆಗಾರ ಬಿಲ್ಲಿ ಗಾಗಿನ್ ಕಡೆ ಗುದ್ದಿಬಿಡುತ್ತಿದ್ದರು. ಅವರು ಆಡಿದ ಕ್ಲಬ್‌ಗಳು ಮೊದಲು ಈಸ್ಟ್ ಪರ್ತ್, ಆಮೇಲೆ ಜಿಲಾಂಗ್, ಕೊನೆಗೆ ವೆಸ್ಟ್ ಪರ್ತ್. 1963ರಲ್ಲಿ ಜಿಲಾಂಗ್ ತಂಡ ಹಾಥಾರ್ನ್ ತಂಡವನ್ನು 109–60ರಿಂದ ಸೋಲಿಸಿ ಕಪ್ ಗೆದ್ದಾಗ ಅವರೂ ಇದ್ದರು.

ಮತ್ತೆ ಮತ್ತೆ ಮಾಡಿದ್ದನ್ನು ಮೆದುಳು ಬರೆದಿಟ್ಟುಕೊಳ್ಳುತ್ತದೆ. ತೊಂದರೆ ಏನೆಂದರೆ, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನ ಲೆಕ್ಕವೂ ಅದರಲ್ಲೇ ಉಳಿಯಬಹುದು.

ಫಾರ್ಮರ್ 'ರಕ್‌ಮನ್'. ಅವರ ಕಾಲದಲ್ಲಿ ಆಟ ಶುರುವಾಗುವಾಗ ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದು ಮೇಲಕ್ಕೆ ಪುಟಿಸುತ್ತಿದ್ದರು. ಎರಡೂ ತಂಡದ ಎತ್ತರದ ಆಳುಗಳು ಓಡಿಬಂದು ಅದಕ್ಕಾಗಿ ಹಾರುತ್ತಿದ್ದರು. ಮೊಣಕಾಲು, ಮೊಣಕೈ, ಭುಜ ಎಲ್ಲ ಒಂದಕ್ಕೊಂದು ಬಡಿಯುತ್ತಿದ್ದವು. ಪ್ರತಿ ಪಂದ್ಯದಲ್ಲೂ ಇದು ಎಷ್ಟೋ ಸಲ. ಫಾರ್ಮರ್ ಆಡಿದ್ದು 350ಕ್ಕೂ ಜಾಸ್ತಿ ದೊಡ್ಡ ಪಂದ್ಯ.

ಎಳನೀರು ಕೊಚ್ಚಿದಾಗ ಒಳಗೆ ತೆಳ್ಳನೆಯ ಗಂಜಿ ನೋಡಿದ್ದೀರಲ್ವಾ? ಮೆದುಳು ಹೆಚ್ಚು ಕಡಿಮೆ ಅಷ್ಟೇ ಮೆತ್ತಗೆ, ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಗಕ್ಕನೆ ತಿರುಗಿದರೆ ಬುರುಡೆ ನಿಲ್ಲುತ್ತದೆ, ಒಳಗಿನದು ಇನ್ನೂ ತಿರುಗುತ್ತಿರುತ್ತದೆ. ಆ ಜಗ್ಗಾಟ ಜಾಸ್ತಿ ತಾಗುವುದು ಮೆದುಳಿನ ಮಡಿಕೆಗಳ ತಳದಲ್ಲಿ. ನರಕೋಶದ ಉದ್ದ ಎಳೆಯೊಳಗೆ ಸಾಗಾಟಕ್ಕೆ ಸಣ್ಣ ಕೊಳವೆಗಳಿವೆ, ಅವು ಸಡಿಲವಾಗದಂತೆ ಹಿಡಿದಿಡುವುದು 'ಟೌ' ಎಂಬ ಪ್ರೋಟೀನು. ಸೌದೆ ಹೊರೆಗೆ ಹಗ್ಗ ಇದ್ದ ಹಾಗೆ. ಜಗ್ಗಾಟದಲ್ಲಿ ಆ ಹಗ್ಗ ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕುಗಟ್ಟುತ್ತದೆ. ವರ್ಷಗಟ್ಟಲೆ ಕಳೆದಂತೆ ಸಿಕ್ಕು ಹರಡುತ್ತದೆ. ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟೇ ಆಗಬೇಕಿಲ್ಲ. ಆಟಗಾರ ಮೈ ಕೊಡವಿ ಎದ್ದು ಓಡುವ ಸಣ್ಣ ಪೆಟ್ಟುಗಳೂ ಲೆಕ್ಕಕ್ಕೆ ಸೇರುತ್ತವೆ.

ಬಾಕ್ಸರ್‌ಗಳಲ್ಲಿ ಇದರ ಲಕ್ಷಣಗಳನ್ನು ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ಈಗಿನ ಹೆಸರು ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪತಿ, ಚುಟುಕಾಗಿ ಸಿಟಿಇ. ಮರೆವು, ಸಿಡುಕು, ಖಿನ್ನತೆ ಇದರ ಜೊತೆ ಬರಬಹುದು. ಆದರೆ ಬದುಕಿರುವಾಗ ಇದನ್ನು ಖಾತ್ರಿ ಮಾಡುವ ಪರೀಕ್ಷೆ ಇಲ್ಲ. ಸತ್ತ ಮೇಲೆ ಮೆದುಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ಕೊನೆಯ ವರ್ಷಗಳಲ್ಲಿ ಫಾರ್ಮರ್ ಅವರಿಗೆ ಅಲ್ಜೈಮರ್ ಇತ್ತು. ಪರ್ತ್‌ನ ಒಂದು ಫ್ರೀವೇಗೆ ಅವರು ಬದುಕಿದ್ದಾಗಲೇ ಅವರ ಹೆಸರಿಟ್ಟಿದ್ದರು. 2019ರ ಆಗಸ್ಟ್‌ನಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಮನೆಯವರು ಮೆದುಳನ್ನು ಸಂಶೋಧನೆಗೆ ಕೊಟ್ಟರು. ಸಿಡ್ನಿಯಲ್ಲಿ 2018ರಲ್ಲಿ ಶುರುವಾದ ಆಸ್ಟ್ರೇಲಿಯನ್ ಸ್ಪೋರ್ಟ್ಸ್ ಬ್ರೈನ್ ಬ್ಯಾಂಕ್‌ನ ಮೈಕಲ್ ಬಕ್‌ಲ್ಯಾಂಡ್ ಮತ್ತು ಜೊತೆಗಾರರು ಅದನ್ನು ಪರೀಕ್ಷಿಸಿದರು. ಟೌ ಇರುವಲ್ಲಿ ಕಂದು ಬಣ್ಣ ಕಟ್ಟುವಂತೆ ಮಾಡಿ ಗಾಜಿನ ಮೇಲಿಟ್ಟರೆ ಸಿಟಿಇಯ ಗುರುತು ಕಾಣುತ್ತದೆ. ಮಡಿಕೆಯ ತಳದಲ್ಲಿ, ಸಣ್ಣ ರಕ್ತನಾಳದ ಸುತ್ತ ಕಟ್ಟಿದ ಕಂದು ಕಲೆ. ಅಲ್ಜೈಮರ್ ಸಿಕ್ಕುಗಳು ಕೂರುವ ರೀತಿಯೇ ಬೇರೆ. ಫಾರ್ಮರ್ ಮೆದುಳಿನಲ್ಲಿ ಎರಡೂ ಇದ್ದವು. 2020ರಲ್ಲಿ ವರದಿ ಬಂತು: ಈ ಆಟದವರಲ್ಲಿ ಸಿಟಿಇ ಪತ್ತೆಯಾದ ಮೊದಲ ವ್ಯಕ್ತಿ ಅವರು.

ಹಾಗಂತ ಆಡಿದವರಿಗೆಲ್ಲ ಬರುತ್ತೆ ಅಂದುಕೊಳ್ಳಬೇಡಿ. ಇಂಥ ಬ್ಯಾಂಕಿಗೆ ಮೆದುಳು ಕೊಡುವವರಲ್ಲಿ ಮೊದಲೇ ತೊಂದರೆ ಕಂಡಿದ್ದ ಮನೆಗಳವರೇ ಹೆಚ್ಚು. ಅಲ್ಲಿ ಸಿಕ್ಕ ಲೆಕ್ಕವನ್ನು ಎಲ್ಲ ಆಟಗಾರರಿಗೂ ಹಾಕಿದರೆ ತಪ್ಪಾಗುತ್ತದೆ. ಇತ್ತ, ಏನೂ ಆಗಲ್ಲ ಅಂತ ಕೈಕಟ್ಟಿ ಕೂರುವುದು ನನಗಂತೂ ಇನ್ನೂ ದೊಡ್ಡ ತಪ್ಪು ಅನಿಸುತ್ತದೆ.

2021ರಿಂದ ಅಲ್ಲಿನ ದೊಡ್ಡ ಲೀಗ್‌ನಲ್ಲಿ ತಲೆಪೆಟ್ಟಾದ ಆಟಗಾರ ಕನಿಷ್ಠ 12 ದಿನ ಪಂದ್ಯಕ್ಕೆ ಇಳಿಯುವಂತಿಲ್ಲ. ಆದರೆ ಈ ನಿಯಮ ಹಿಡಿಯುವುದು ಕಣ್ಣಿಗೆ ಬಿದ್ದ ಪೆಟ್ಟನ್ನು ಮಾತ್ರ. ಸಣ್ಣ ಪೆಟ್ಟುಗಳ ರಾಶಿ ಇಳಿಸಬೇಕಾದರೆ ತರಬೇತಿಯಲ್ಲಿ ಒಬ್ಬರನ್ನೊಬ್ಬರು ಗುದ್ದಿಕೊಳ್ಳುವುದನ್ನು ಕಡಿಮೆ ಮಾಡಬೇಕು ಎನ್ನುತ್ತಾರೆ ಸಂಶೋಧಕರು. ಫಾರ್ಮರ್ ಕೈಗೆ ಆ ಕಸುಬು ಹತ್ತಿದ್ದು ಕಾರ್ ಯಾರ್ಡ್‌ನಲ್ಲಿ. ಅಲ್ಲಿ ಗುದ್ದು ತಿಂದದ್ದು ಚೆಂಡು, ಮತ್ತೆ ಆಗೊಮ್ಮೆ ಈಗೊಮ್ಮೆ ಯಾರದೋ ಕಾರಿನ ಬಾಗಿಲು.