ಬೆಣ್ಣೆಗೆ ತಾಗುವುದು ಕಾವು

ಏಪ್ರಿಲ್ ತಿಂಗಳ ಮಧ್ಯಾಹ್ನ. ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟಿತ್ತು. ಪಕ್ಕದ ಮನೆಯ ಹುಡುಗಿ ತಮ್ಮನ ಹುಟ್ಟುಹಬ್ಬಕ್ಕೆಂದು ಕಪ್‌ಕೇಕ್ ಬೇಯಿಸಿ, ಅವುಗಳ ಮೇಲೆ ಬೆಣ್ಣೆ, ಐಸಿಂಗ್ ಶುಗರ್ ಸೇರಿಸಿ ಬೀಟ್ ಮಾಡಿದ ಬಟರ್‌ಕ್ರೀಮಿನ ಗುಲಾಬಿ ಮಾಡಲು ಕೂತಿದ್ದಳು. ಅರ್ಧ ತಾಸಿನೊಳಗೆ ನಮ್ಮ ಬಾಗಿಲಿಗೆ ಬಂದಳು. "ಕಾಕೂ, ಮೊದಲಿನ ಎರಡು ಹೂ ಛಲೋ ಬಂದ್ವು. ಆಮ್ಯಾಲಿಂದ ಎಲ್ಲಾ ಜೋತು ಬೀಳಾಕ ಹತ್ಯಾವ್ರಿ."

ಹೋಗಿ ನೋಡಿದೆ. ಮೊದಲ ಎರಡು ಹೂಗಳ ಎಸಳಿನ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗಿತ್ತು. ಮೂರನೆಯದರ ಅಂಚು ಮೊಂಡು. ಐದನೆಯದರಲ್ಲಿ ಎಸಳು ಯಾವುದು, ಮೊಗ್ಗು ಯಾವುದು ಎಂದು ತಿಳಿಯದಂತೆ ಎಲ್ಲ ಒಂದಾಗಿ, ಬುಡದ ಬಟರ್ ಪೇಪರಿನ ಮೇಲೆ ಜಿಡ್ಡಿನ ಉಂಗುರ ಮೂಡಿತ್ತು. ಆಕೆಯ ಆಯಿ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. "ಯಾರ ಕಣ್ಣ ಬಿತ್ತೋ ಏನೋ." ಆಮೇಲೆ ಮೊಮ್ಮಗಳ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು: "ಹೊರಗ ಆಗಿಯೇನ?"

ದೃಷ್ಟಿಯ ಮಾತನ್ನು ನಾನು ಬಿಟ್ಟುಬಿಡಬಲ್ಲೆ. ಎರಡನೆಯ ಪ್ರಶ್ನೆಯನ್ನು ಬಿಡಲಾರೆ. ಉಪ್ಪಿನಕಾಯಿ ಕೆಟ್ಟರೆ, ಹಪ್ಪಳ ಕೆಂಪಾದರೆ, ಬೆಣ್ಣೆ ಒಡೆದರೆ ತಪ್ಪೆಲ್ಲ ಮುಟ್ಟಾದ ಹುಡುಗಿಯ ಕೈಯದು ಎಂದು ಹೇಳುತ್ತ ಎಷ್ಟೋ ತಲೆಮಾರು ಕಳೆದವು. ಬೆಣ್ಣೆಗೆ ತಿಳಿಯುವುದು ಕೈಯ ಬಿಸಿಯೊಂದೇ. ಅಂಗೈಯ ಚರ್ಮ ಸುಮಾರು 32 ರಿಂದ 34 ಡಿಗ್ರಿ ಇರುತ್ತದೆ. ಅದು ಗಂಡಸಿನದಾದರೂ ಅಷ್ಟೇ, ಪೂಜಾರಿಯದಾದರೂ ಅಷ್ಟೇ.

ನೀರ್ಗಲ್ಲು ಸೊನ್ನೆ ಡಿಗ್ರಿಯಲ್ಲಿ ಕರಗಲು ಶುರುವಾಗಿ ಅಲ್ಲೇ ಮುಗಿಸುತ್ತದೆ. ಬೆಣ್ಣೆಗೆ ಅಂಥ ಒಂದು ಗೆರೆ ಇಲ್ಲ. ಅದರೊಳಗಿನ ಕೊಬ್ಬು ಒಂದೇ ಜಾತಿಯದಲ್ಲ, ನೂರಾರು ಬಗೆಯದು. ಫ್ರಿಜ್ಜಿನ ಚಳಿಯಲ್ಲೂ ಎಣ್ಣೆಯಾಗಿಯೇ ಇರುವವು ಕೆಲವು, 35 ಡಿಗ್ರಿಯವರೆಗೆ ಗಟ್ಟಿಯಾಗಿ ಹಿಡಿದುಕೊಳ್ಳುವವು ಕೆಲವು. 5 ಡಿಗ್ರಿಯಲ್ಲಿ ಹಾಲಿನ ಕೊಬ್ಬಿನ ಸುಮಾರು ಅರ್ಧ ಭಾಗ ಹರಳಾಗಿರುತ್ತದೆ. 20 ಡಿಗ್ರಿಗೆ ಬಂದರೆ ಐದನೆಯ ಒಂದು ಭಾಗವೂ ಉಳಿದಿರುವುದಿಲ್ಲ. 30 ದಾಟಿದರೆ ನೂರಕ್ಕೆ ನಾಲ್ಕೈದು ಪಾಲು, 40ಕ್ಕೆ ಎಲ್ಲವೂ ಎಣ್ಣೆ.

ಹೂವನ್ನು ನಿಲ್ಲಿಸುವುದು ಆ ಹರಳುಗಳೇ. ನಮ್ಮ ಕಡೆ ಹೊಲಕ್ಕೆ ಜಾಲಿ ಮುಳ್ಳಿನ ಬೇಲಿ ಹಾಕುವುದನ್ನು ನೆನೆಸಿಕೊಳ್ಳಿ. ಕಡಿದ ಟೊಂಗೆಗಳನ್ನು ಒಂದರ ಮೇಲೊಂದು ಒಗೆಯುತ್ತಾರೆ. ಮೊಳೆ ಇಲ್ಲ, ಹಗ್ಗ ಇಲ್ಲ. ಮುಳ್ಳಿಗೆ ಮುಳ್ಳು ಸಿಕ್ಕಿಕೊಂಡು ಬೇಲಿ ನಿಲ್ಲುತ್ತದೆ. ಆಡು ಮೈ ಒರೆಸಿದರೆ ಅಲುಗುವುದಿಲ್ಲ, ಎಮ್ಮೆ ನುಗ್ಗಿದರೆ ಜರುಗುತ್ತದೆ. ಬೆಣ್ಣೆಯ ಹರಳುಗಳೂ ಹಾಗೆಯೇ ಒಂದಕ್ಕೊಂದು ತಗಲಿಕೊಂಡು ಬಲೆ ಕಟ್ಟುತ್ತವೆ. ಎಣ್ಣೆ, ನೀರಿನ ಹನಿ, ಬೀಟರಿನಿಂದ ಸೇರಿದ ಗಾಳಿ, ಐಸಿಂಗ್ ಶುಗರಿನ ಪುಡಿ ಎಲ್ಲವೂ ಆ ಬಲೆಯಲ್ಲಿ ಸೆರೆ. ಎಸಳಿನ ತೂಕ ಆಡಿನ ಹಾಗೆ. ಬಲೆ ಅದನ್ನು ತಡೆಯುತ್ತದೆ. ಕ್ರೀಮ್ ತುಂಬಿದ ಪೈಪಿಂಗ್ ಬ್ಯಾಗನ್ನು ಹಿಂಡುವ ಮುಷ್ಟಿ ಎಮ್ಮೆಯ ಹಾಗೆ. ಬಲೆ ಬಿಚ್ಚಿ ಕ್ರೀಮ್ ಹರಿಯುತ್ತದೆ, ಬ್ಯಾಗಿನ ತುದಿಯ ನಾಝಲ್ ದಾಟಿದ ಕೂಡಲೇ ಒಂದಿಷ್ಟು ಮತ್ತೆ ತಗಲಿಕೊಳ್ಳುತ್ತದೆ. ಟೂತ್‌ಪೇಸ್ಟ್ ಬ್ರಷ್ಷಿನ ಮೇಲೆ ಕೂರುವುದು, ಗೋಡೆಗೆ ಬಳಿದ ಪೇಂಟ್ ಇಳಿದುಹೋಗದೆ ನಿಲ್ಲುವುದು ಇದೇ ಗುಣದಿಂದ. ಇಂಥ ವಸ್ತುಗಳ ಲೆಕ್ಕ ಹಾಕಿದವನು ಅಮೆರಿಕದ ಯೂಜೀನ್ ಬಿಂಗ್‌ಹ್ಯಾಮ್. ಹರಿವಿನ ಶಾಸ್ತ್ರಕ್ಕೆ ರಿಯಾಲಜಿ ಎಂಬ ಹೆಸರು ಬಂದದ್ದೂ ಅವನಿಂದಲೇ.

ಗುಲಾಬಿ ಮಾಡುವಾಗ ನಡುವೆ ಮೊಗ್ಗು, ಸುತ್ತ ಮೂರು ಎಸಳು, ಆಮೇಲೆ ಐದು, ಆಮೇಲೆ ಏಳು. ನಾಝಲಿನ ಬಾಯಿ ಕಣ್ಣೀರಿನ ಹನಿಯ ಆಕಾರದ್ದು. ದಪ್ಪ ತುದಿ ಕೆಳಗೆ, ತೆಳು ತುದಿ ಮೇಲೆ ಇರಬೇಕು. ತೆಳು ತುದಿಯಿಂದ ಬರುವ ಅಂಚಿನಲ್ಲಿ ಬೇಲಿ ತೀರ ಸಣ್ಣದು, ಆದ್ದರಿಂದ ಮೊದಲು ಕುಸಿಯುವುದು ಅದೇ. ಹುಡುಗಿ ಒಂದೇ ದೊಡ್ಡ ಬ್ಯಾಗ್ ತುಂಬಿಕೊಂಡು ಅರ್ಧ ತಾಸು ಅಂಗೈಯಲ್ಲಿ ಹಿಡಿದಿದ್ದಳು. ಮೊದಲ ಹೂವಿಗೆ ಹೋದ ಕ್ರೀಮ್ ತಂಪಿತ್ತು. ಐದನೆಯದಕ್ಕೆ ಬರುವಷ್ಟರಲ್ಲಿ ಕೈಯ ಕಾವು, ಕೋಣೆಯ ಕಾವು ಎರಡೂ ಸೇರಿ ಮುಳ್ಳುಗಳನ್ನೇ ಕರಗಿಸಿದ್ದವು.

ಕುಸಿದ ಕ್ರೀಮನ್ನು ಫ್ರಿಜ್ಜಿನಲ್ಲಿ ಹದಿನೈದು ನಿಮಿಷ ಇಟ್ಟು ಮತ್ತೆ ಬೀಟ್ ಮಾಡಿದರೆ ಸರಿಹೋಗುತ್ತದೆ. ಪೂರ್ತಿ ಕರಗಿದ್ದರೆ ಮಾತ್ರ ಆಗದು. ಕಾಯಿಸಿದ ತುಪ್ಪ ಮೆಲ್ಲಗೆ ತಣಿದಾಗ ರವೆ ರವೆಯಾಗುವುದನ್ನು ನೋಡಿದ್ದೀರಲ್ಲ? ಮೆಲ್ಲಗೆ ತಣಿದರೆ ಹರಳು ಕಡಿಮೆ, ಆದರೆ ದೊಡ್ಡವು. ಹೋಳಿಗೆಯ ಮೇಲೆ ಅದು ರುಚಿ. ಹೂವಿಗೆ ಬೇಕಾದದ್ದು ಕಣ್ಣಿಗೆ ಕಾಣದಷ್ಟು ಸಣ್ಣ, ಲೆಕ್ಕವಿಲ್ಲದಷ್ಟು ಹರಳು. ಅವಸರಕ್ಕೆಂದು ಬೆಣ್ಣೆಯನ್ನು ಒಲೆಯ ಮೇಲಿಟ್ಟು ಕರಗಿಸುವವರು ಎರಡು ಟೊಂಗೆಗಳಿಂದ ಬೇಲಿ ಕಟ್ಟಲು ಹೊರಟವರು.

"ಮತ್ತ ಬೇಕರ್‍ಯಾಗಿನ ಹೂ ಯಾಕ ಬೀಳಂಗಿಲ್ಲರಿ?" ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅಲ್ಲಿ ಬಹಳಷ್ಟು ಕಡೆ ಬಳಸುವುದು ಸಸ್ಯದೆಣ್ಣೆಯ ಗಟ್ಟಿ ಕೊಬ್ಬು, ಬೆಣ್ಣೆಗಿಂತ ಹೆಚ್ಚಿನ ಕಾವಿಗೆ ಕರಗುವಂಥದ್ದು. ಬಾಯೊಳಗೆ 37 ಡಿಗ್ರಿಯಲ್ಲೂ ಪೂರ್ತಿ ಕರಗದೆ ಅಂಗುಳಕ್ಕೆ ಮೇಣದಂತೆ ಅಂಟಿಕೊಳ್ಳುವುದು ಅದೇ. ಬೆಣ್ಣೆಯ ಹೂ ಬಿಸಿಲಿಗೆ ಬೀಳುವುದೂ ನಾಲಿಗೆಯ ಮೇಲೆ ಕರಗುವುದೂ ಒಂದೇ ಕಾರಣಕ್ಕೆ. ನನಗಂತೂ ಬೀಳುವ ಹೂವೇ ಇಷ್ಟ.

ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ, ಎಮ್ಮೆಯ ಬೆಣ್ಣೆ. ಆಕಳು ಮೇವಿನ ಹಳದಿ ಬಣ್ಣವಾದ ಕ್ಯಾರೋಟಿನ್ನನ್ನು ಹಾಲಿಗೆ ಬಿಟ್ಟುಕೊಡುತ್ತದೆ. ಎಮ್ಮೆ ಅದನ್ನು ಎ ಜೀವಸತ್ವವಾಗಿ ಬದಲಿಸಿಬಿಡುತ್ತದೆ. ಹಾಗಾಗಿ ಎಮ್ಮೆಯ ಬೆಣ್ಣೆ ಬೆಳ್ಳಗಿರುತ್ತದೆ, ತಿಳಿ ಗುಲಾಬಿ ಬಣ್ಣ ಅದರ ಮೇಲೆ ಕೆಡುವುದಿಲ್ಲ. ಕರಗುವ ಕಾವೂ ಸ್ವಲ್ಪ ಹೆಚ್ಚು. ಆದರೆ ಮನೆಯಲ್ಲಿ ಕಡೆದ ಬೆಣ್ಣೆಯನ್ನು ತಣ್ಣೀರಿನಲ್ಲಿ ಮೂರ್ನಾಲ್ಕು ಸಲ ತೊಳೆದು, ನೀರನ್ನೆಲ್ಲ ಹಿಂಡಿ ತೆಗೆಯಬೇಕು. ಮಜ್ಜಿಗೆ ಉಳಿದರೆ ಹುಳಿ, ನೀರು ಉಳಿದರೆ ಕ್ರೀಮ್ ಒಡೆಯುತ್ತದೆ.

ಬೆಣ್ಣೆ ಕೆಟ್ಟದ್ದಕ್ಕೆ ಹೆಂಗಸನ್ನು ದೂರುವುದು ನಮ್ಮಲ್ಲಷ್ಟೇ ಇದ್ದದ್ದಲ್ಲ. ಯುರೋಪಿನ ಹಳ್ಳಿಗಳಲ್ಲಿ ಎಷ್ಟು ಕಡೆದರೂ ಬೆಣ್ಣೆ ಬಾರದಿದ್ದರೆ ಮಾಟಗಾತಿಯ ಕೆಲಸವೆಂದು ಹೇಳಿ, ಕಾಸಿದ ಕಬ್ಬಿಣವನ್ನು ಕೆನೆಯೊಳಗೆ ಅದ್ದುತ್ತಿದ್ದರು. ಎಷ್ಟೋ ಸಲ ಬೆಣ್ಣೆ ಬರುತ್ತಲೂ ಇತ್ತು! ಚಳಿಗೆ ಕಲ್ಲಾಗಿದ್ದ ಕೊಬ್ಬಿನ ಹನಿಗಳು ಕಬ್ಬಿಣದ ಬಿಸಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಓಡಿಹೋದದ್ದು ಚಳಿ, ಹೆಸರು ಮಾಟಗಾತಿಯದು. ನಮ್ಮ ಆಯಿಯಂದಿರು ಚಳಿಗಾಲದಲ್ಲಿ ಬಿಸಿನೀರು, ಬ್ಯಾಸಗಿಯಲ್ಲಿ ತಣ್ಣೀರು ಹಾಕಿ ಮೊಸರು ಕಡೆಯುವುದೂ ಇದೇ ವಿಜ್ಞಾನ.

ಕೊಬ್ಬಿನೊಳಗೆ ಏನಿದೆ ಎಂದು ಬಿಡಿಸಿ ನೋಡಿದವನು ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರಲ್. ಅವನು ಹುಟ್ಟಿದ್ದು 1786ರಲ್ಲಿ, ತೀರಿಕೊಂಡದ್ದು 1889ರಲ್ಲಿ, 102 ವರ್ಷದ ಬಾಳು. ಪ್ರಾಣಿಜನ್ಯ ಕೊಬ್ಬುಗಳ ಮೇಲಿನ ಅವನ ಗ್ರಂಥ 1823ರಲ್ಲಿ ಬಂತು. ಬೆಣ್ಣೆಯಿಂದ ಬ್ಯುಟಿರಿಕ್ ಆಮ್ಲವನ್ನು ಬೇರ್ಪಡಿಸಿದ್ದು ಅವನೇ. ಅದೇ ಮನುಷ್ಯ ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾದ. ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಾಗ ಬಣ್ಣವನ್ನು ಪರೀಕ್ಷಿಸಿದ, ಅದರಲ್ಲಿ ದೋಷವಿರಲಿಲ್ಲ. ಪಕ್ಕದ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅದನ್ನೇ ನಿಯಮವಾಗಿ ಬರೆದ: ಅಕ್ಕಪಕ್ಕ ಇಟ್ಟ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ; ಕೆಂಪಿನ ಪಕ್ಕ ಹಸಿರಿದ್ದರೆ ಎರಡೂ ಹೆಚ್ಚು ಹೊಳೆಯುತ್ತವೆ.

ಮರುದಿನ ನಸುಕಿನಲ್ಲಿ ಐದೂವರೆಗೆ ಕೂತೆವು. ಕಿಟಕಿಗೆ ಒದ್ದೆ ಟವೆಲ್ ಕಟ್ಟಿದೆವು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೀರಿಕೊಂಡು ಹೋಗುತ್ತದೆ, ವಿಜಯಪುರದ ಒಣ ಗಾಳಿಯಲ್ಲಿ ಆ ಕೆಲಸ ಬೇಗ ಆಗುತ್ತದೆ. ಒಂದು ದೊಡ್ಡ ಬ್ಯಾಗಿನ ಬದಲು ಎರಡು ಸಣ್ಣವು; ಒಂದು ಕೈಯಲ್ಲಿ, ಇನ್ನೊಂದು ಫ್ರಿಜ್ಜಿನಲ್ಲಿ. ಎರಡೆರಡು ಹೂವಿಗೆ ಬದಲಿ. ಆಯಿ ಸ್ವಲ್ಪ ಹೊತ್ತು ನೋಡಿ, ತಾವೇ ಒಂದು ಬೋಗುಣಿಯಲ್ಲಿ ತಣ್ಣೀರು ತಂದಿಟ್ಟರು. "ಕೈ ಅದ್ದಕೋತ ಮಾಡ. ನಾವೂ ಬೆಣ್ಣಿ ತಗೀವಾಗ ಹಂಗ ಮಾಡತಿದ್ವಿ."

ಹನ್ನೆರಡೂ ಹೂ ನಿಂತವು. ಹುಡುಗಿಗೆ ಸಮಾಧಾನವಿಲ್ಲ, ಕೆಂಪು ಸಪ್ಪಗಾಯಿತೆಂದು ಜೆಲ್ ಬಣ್ಣದ ಬಾಟಲಿಗೆ ಕೈ ಹಾಕಿದಳು. ಬೇಡವೆಂದು ಹೇಳಿ, ಒಂದು ಗುಲಾಬಿಯ ಬುಡಕ್ಕೆ ಮಾತ್ರ ಎರಡು ಹಸಿರು ಎಲೆ ಹಾಕಿಸಿದೆ. ಅವಳು ಆ ಹೂವನ್ನೂ ಪಕ್ಕದ್ದನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಬಾಟಲಿಯ ಮುಚ್ಚಳ ಹಾಕಿ, ಹಸಿರು ಕ್ರೀಮಿನ ಬ್ಯಾಗ್ ಕೈಗೆತ್ತಿಕೊಂಡಳು.